ಕಾಲೇಜಿನ ಆಯ್ಕೆ: ಒಂದು ನೈತಿಕ ವಿವೇಚನೆ

ಮನುಷ್ಯನ ಬಾಳಿನಲ್ಲಿ ಕೆಲವು ನಿರ್ಣಯಗಳು ಮೆಲ್ಲಮೆಲ್ಲನೆ ಪಕ್ವವಾಗುತ್ತವೆ. ಮತ್ತೆ ಕೆಲವನ್ನು ಕಾಲವೇ ಬಾಗಿಲಿಗೆ ತಂದು ನಿಲ್ಲಿಸಿ, ಇಂತಿಷ್ಟು ದಿನಗಳೊಳಗೆ ಉತ್ತರಿಸೆಂದು ಒತ್ತಾಯಿಸುತ್ತದೆ. ವಿದ್ಯಾರ್ಥಿಯು ಮುಂದಿನ ವಿದ್ಯಾಭ್ಯಾಸಕ್ಕಾಗಿ ಕಾಲೇಜನ್ನು ಆಯ್ದುಕೊಳ್ಳುವ ನಿರ್ಣಯ ಎರಡನೆಯ ಬಗೆಗೆ ಸೇರಿದ್ದು. ಎಸ್.ಎಸ್.ಎಲ್.ಸಿ. ಮುಗಿಯುವಾಗ ಮಗುವಿಗೆ ಹದಿನೈದು-ಹದಿನಾರರ ಪ್ರಾಯ. ಕಲೆಯೋ, ವಾಣಿಜ್ಯವೋ, ವಿಜ್ಞಾನವೋ ಎಂಬುದನ್ನು ಆಗಲೇ ಹೇಳಬೇಕು. ಎರಡು ವರ್ಷ ಕಳೆದು ಪಿ.ಯು.ಸಿ. ಮುಗಿಯುತ್ತಲೇ ಇನ್ನೂ ದೊಡ್ಡ ಪ್ರಶ್ನೆ ಎದುರಾಗುತ್ತದೆ. ಈ ಪ್ರಶ್ನೆಯನ್ನು ನಮ್ಮ ಜನ ಸಾಮಾನ್ಯವಾಗಿ ಹಣದ ಪ್ರಶ್ನೆಯೆಂದೋ, ಅಂಕಗಳ ಪ್ರಶ್ನೆಯೆಂದೋ ಭಾವಿಸುತ್ತಾರೆ. ವಾಚಕ ಮಹಾಶಯರು ಸ್ವಲ್ಪ ಆಳವಾಗಿ ವಿಚಾರ ಮಾಡಿದರೆ, ಇದು ಮೂಲತಃ ಸತ್ಯದ ಪ್ರಶ್ನೆಯೆಂಬುದು ಮನವರಿಕೆಯಾದೀತು.

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿಯೋಣ. ಒಂದು ಕಾಲಕ್ಕೆ ನಮ್ಮ ನಾಡಿನ ಉತ್ತರ ಭಾಗದ ವಿದ್ಯಾರ್ಥಿಗೆ ಆಯ್ಕೆಯೆಂಬುದೇ ಇರಲಿಲ್ಲ. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಪ್ರಾರಂಭವಾಗುವ ಮುನ್ನ ಪದವಿಯನ್ನು ಬಯಸಿದವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಹೋಗಲಾರದವನು ಆಸೆಯನ್ನೇ ಬಿಡಬೇಕಾಗಿತ್ತು. ಮುಂದೆ ಕಾಲೇಜುಗಳು ಹೆಚ್ಚಿದವು. ಅವುಗಳೊಡನೆ ಸೀಟಿಗೆ ಬೆಲೆ ಕಟ್ಟುವ ಪಿಡುಗೂ ಬಂದಿತು. ಅದನ್ನು ತಡೆಯಲು 1984ರಲ್ಲಿ ಕರ್ನಾಟಕ ಸರ್ಕಾರವು ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಶಾಸನವನ್ನು ತಂದಿತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನಿತ್ತ ಮೇಲೆ, 1994ರಿಂದ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಜಾರಿಗೆ ಬಂದಿತು. ಇಂದು ಎಂಜಿನಿಯರಿಂಗ್ ಪ್ರವೇಶಕ್ಕೆ ಪಿ.ಯು.ಸಿ.ಯ ಅಂಕಗಳಿಗೆ ಅರ್ಧ, ಸಿ.ಇ.ಟಿ. ಅಂಕಗಳಿಗೆ ಅರ್ಧ ತೂಕವನ್ನು ಕೊಟ್ಟು ರ‍್ಯಾಂಕನ್ನು ನಿರ್ಣಯಿಸುತ್ತಾರೆ. ವೈದ್ಯಕೀಯಕ್ಕೆ ಅಖಿಲ ಭಾರತ ಮಟ್ಟದ ನೀಟ್ ಪರೀಕ್ಷೆಯುಂಟು.

ರ‍್ಯಾಂಕು ಬಂದ ಮೇಲೆ ವಿದ್ಯಾರ್ಥಿಯು ತನಗೆ ಬೇಕಾದ ಕಾಲೇಜು ಮತ್ತು ವಿಷಯಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆದುಕೊಡಬೇಕು. ಇದಕ್ಕೆ ಆಪ್ಷನ್ ಎಂಟ್ರಿ ಎಂದು ಹೆಸರು. ರ‍್ಯಾಂಕಿನ ಸರದಿ ಬಂದಾಗ ಗಣಕಯಂತ್ರವು ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರುತ್ತದೆ; ಅದರಲ್ಲಿ ಮೊದಲು ಯಾವುದು ಖಾಲಿ ಇದೆಯೋ ಅದನ್ನು ಕೊಡುತ್ತದೆ. ಅನೇಕರು ಇಲ್ಲಿ ಜಾಣತನ ಮಾಡಲು ಹೋಗುತ್ತಾರೆ: "ನನಗೆ ಬೇಕಾದುದು ಹೇಗೂ ದೊರೆಯಲಾರದು, ಆದ್ದರಿಂದ ದೊರೆಯುವುದನ್ನೇ ಮೇಲೆ ಬರೆಯುತ್ತೇನೆ" ಎನ್ನುತ್ತಾರೆ. ಇದು ಭ್ರಾಂತಿ. ಮೇಲೆ ಬರೆದುದು ದೊರೆಯದಿದ್ದರೆ ಯಂತ್ರವು ಮುಂದಿನ ಸಾಲಿಗೆ ಬರುತ್ತದೆಯೇ ಹೊರತು ಬಯಸಿದ್ದಕ್ಕಾಗಿ ದಂಡ ವಿಧಿಸುವುದಿಲ್ಲ. ಬಯಸದುದನ್ನು ಮೇಲೆ ಬರೆದವನಿಗಾದರೋ ಅದೇ ಗಂಟು ಬೀಳುತ್ತದೆ. ಕೆಳಗೆ ಬರೆದ ನಿಜವಾದ ಬಯಕೆಯ ಕಡೆಗೆ ಆ ಸುತ್ತಿನಲ್ಲಿ ಯಂತ್ರವು ಕಣ್ಣೆತ್ತಿಯೂ ನೋಡದು.

ಕಾಲೇಜು ಪ್ರವೇಶದ ಈ ಸಮಸ್ಯೆಯನ್ನು ಗಣಿತಜ್ಞರೂ ವಿಚಾರಿಸಿದ್ದಾರೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಅಮೇರಿಕದ ವಿದ್ವಾಂಸರು ಇದನ್ನು ಕುರಿತು ಒಂದು ಪ್ರಸಿದ್ಧ ಲೇಖನವನ್ನು ಬರೆದರು. 2012ರಲ್ಲಿ ಶೇಪ್ಲಿಯವರಿಗೂ, ಅದೇ ದಾರಿಯಲ್ಲಿ ಕೆಲಸ ಮಾಡಿದ ಆಲ್ವಿನ್ ರಾತ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಇಂತಹ ವಿಚಾರಣೆಯಿಂದ ಹೊರಬಿದ್ದ ತತ್ತ್ವಗಳಲ್ಲಿ ಒಂದು ಸರಳವಾದುದು: ಎಲ್ಲರಿಗೂ ಒಂದೇ ರ‍್ಯಾಂಕಿನ ಸರದಿ ಇದ್ದು, ಎಷ್ಟು ಬೇಕಾದರೂ ಆಯ್ಕೆಗಳನ್ನು ಬರೆಯುವ ಅವಕಾಶವಿದ್ದಾಗ, ತನ್ನ ಮನಸ್ಸಿನ ನಿಜವಾದ ಕ್ರಮವನ್ನೇ ಬರೆದವನಿಗೆ ಎಂದಿಗೂ ನಷ್ಟವಿಲ್ಲ. ಲೋಕದಲ್ಲಿ ಸತ್ಯವನ್ನು ನುಡಿಯುವುದು ಕಷ್ಟಕ್ಕೆ ಕಾರಣವೆಂದು ಹೇಳುವವರೇ ಬಹಳ. ಇಲ್ಲಿ ಸತ್ಯವೇ ಲಾಭವೂ ಆಗಿದೆ.

ಆದರೆ ಕಷ್ಟವು ಇಲ್ಲಿಗೆ ಮುಗಿಯುವುದಿಲ್ಲ, ಇಲ್ಲಿಂದಲೇ ಪ್ರಾರಂಭವಾಗುತ್ತದೆ. ಯಂತ್ರವು "ನಿನ್ನ ಮನಸ್ಸಿನ ಕ್ರಮವನ್ನು ಹೇಳು" ಎನ್ನುತ್ತದೆ. ಆ ಪಟ್ಟಿಯಲ್ಲಿರುವ ಮನಸ್ಸು ಯಾರದು? ಮೊದಲ ಸಾಲನ್ನು ನೆರೆಮನೆಯವರ ಮಗನು ಬರೆದಿರುತ್ತಾನೆ. ಎರಡನೆಯದನ್ನು ಬಂಧುಗಳ ಮಾತು ಬರೆದಿರುತ್ತದೆ. ಮೂರನೆಯದನ್ನು ವೃತ್ತಪತ್ರಿಕೆಯ ಜಾಹೀರಾತು ಬರೆದಿರುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಮಗು ಅಕ್ಷರ ಕಲಿಯುವ ಮುನ್ನವೇ ಅದನ್ನು ಡಾಕ್ಟರನ್ನಾಗಿ ಮಾಡುವೆವೆಂದು ನಿಶ್ಚಯಿಸಿದ ತಂದೆತಾಯಿಗಳೂ ಉಂಟು. ಕೊನೆಗೆ ಅರ್ಜಿಯ ಮೇಲೆ ಸಹಿ ಮಾತ್ರ ವಿದ್ಯಾರ್ಥಿಯದು.

ಹಾಗಾದರೆ ಆಯ್ಕೆಯ ಅಧಿಕಾರ ಯಾರಿಗೆ? ಹಣವನ್ನು ಕೊಡುವ ತಂದೆಗೋ, ಓದುವ ಮಗನಿಗೋ? ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಇಚ್ಛೆಗೂ ಆಯ್ಕೆಗೂ ಭೇದವನ್ನು ತೋರಿಸಿದ್ದಾನೆ. ಇಚ್ಛೆಯು ಅಸಾಧ್ಯವಾದುದನ್ನೂ ಬಯಸಬಲ್ಲದು. ಆಯ್ಕೆಯಾದರೋ ನಮ್ಮ ಕೈಯಲ್ಲಿರುವುದನ್ನು ವಿಚಾರಿಸಿ ಹಿಡಿಯುವಂಥದು. ಈ ಭೇದವನ್ನು ಮನೆಯ ಮಾತಿಗೆ ಅನ್ವಯಿಸಿದರೆ ಕಲಹಕ್ಕೆ ಅವಕಾಶ ಕಡಿಮೆ. ಕೈಯಲ್ಲಿ ಏನಿದೆಯೆಂಬುದನ್ನು ತಂದೆತಾಯಿಗಳು ಹೇಳಬೇಕು. ಮನಸ್ಸು ಎತ್ತ ಒಲಿದಿದೆಯೆಂಬುದನ್ನು ಮಕ್ಕಳು ಹೇಳಬೇಕು. ಯಾವ ದಾರಿ ಎಲ್ಲಿಗೆ ಹೋಗುತ್ತದೆಯೆಂಬುದನ್ನು ಗುರುಗಳು ಹೇಳಬೇಕು. ಮೂವರೂ ತಮ್ಮ ತಮ್ಮ ಪಾಲಿನ ಸತ್ಯವನ್ನು ಮುಚ್ಚಿಡದೆ ನುಡಿಯಬೇಕಾದುದು ಧರ್ಮ.

ವಾಸ್ತವದಲ್ಲಿ ಆಗುವುದೇನು? ದೂರದ ಕಾಲೇಜಿಗೆ ಶುಲ್ಕ ಕಟ್ಟಲಾರದ ತಂದೆ, ಆ ಮಾತನ್ನು ಹೇಳಲು ಸಂಕೋಚಪಟ್ಟು, "ಅದು ನಿನ್ನ ಕೈಲಿ ಆಗದು" ಎಂದುಬಿಡುತ್ತಾನೆ. ತನ್ನ ಬಡತನವನ್ನು ಮರೆಮಾಡಲು ಮಗನ ಶಕ್ತಿಯನ್ನು ಹೀಗಳೆದಂತಾಯಿತು. ಮಗನು ಆ ಮಾತನ್ನು ಬಾಳೆಲ್ಲ ಹೊತ್ತು ತಿರುಗುತ್ತಾನೆ. "ನಮ್ಮಲ್ಲಿ ಇಷ್ಟೇ ಇದೆ, ಇದರೊಳಗೆ ನೋಡೋಣ" ಎಂದಿದ್ದರೆ ಹುಡುಗನು ದುಃಖಿಸುತ್ತಿದ್ದನು, ಕುಗ್ಗುತ್ತಿರಲಿಲ್ಲ. ಹೆಣ್ಣುಮಗಳ ವಿಷಯದಲ್ಲಿ ಈ ಅಸತ್ಯಕ್ಕೆ ಇನ್ನೊಂದು ವೇಷವುಂಟು. ಅಣ್ಣನಿಗೆ ಬೆಂಗಳೂರು ದೂರವಲ್ಲ. ಅವನಿಗಿಂತ ಒಳ್ಳೆಯ ರ‍್ಯಾಂಕು ಪಡೆದ ತಂಗಿಗೆ ಮಾತ್ರ ಪಕ್ಕದ ತಾಲ್ಲೂಕೂ ದೂರ! ದೂರವನ್ನು ಅಳೆಯುವ ಕೋಲು ಮನೆಯಲ್ಲಿ ಎರಡಿರಬಾರದು. ಭಯವಿದ್ದರೆ ಒಳ್ಳೆಯ ವಿದ್ಯಾರ್ಥಿನಿಲಯವನ್ನು ವಿಚಾರಿಸಬೇಕು. ಭಯದ ಹೆಸರಿನಲ್ಲಿ ಪಕ್ಷಪಾತ ಮಾಡುವುದು ಸಲ್ಲದು.

ಇಲ್ಲಿ ಒಂದು ಆಕ್ಷೇಪ ಬರಬಹುದು: "ಹದಿನಾರರ ಮಗುವಿಗೆ ತನ್ನ ಮನಸ್ಸು ತನಗೆ ಗೊತ್ತಿರುತ್ತದೆಯೇ?" ಆಕ್ಷೇಪದಲ್ಲಿ ಹುರುಳಿದೆ. ಒಲವೆಂಬುದು ಕೇಳಿದೊಡನೆ ತೆಗೆದುಕೊಡುವ ವಸ್ತುವಲ್ಲ. ಅದನ್ನು ನಡೆಯಿಂದ ಅರಿಯಬೇಕು. ಯಾರೂ ಹೇಳದಿದ್ದರೂ ಮಗು ಮತ್ತೆ ಮತ್ತೆ ತೆರೆಯುವ ಪುಸ್ತಕ ಯಾವುದು? ತಪ್ಪಾದಾಗ ಬೇಸರಿಸದೆ ಪುನಃ ಮಾಡುವ ಲೆಕ್ಕ ಯಾವುದು? ಹೊಲದಲ್ಲಿ, ಅಂಗಡಿಯಲ್ಲಿ, ರೋಗಿಯ ಮಗ್ಗುಲಲ್ಲಿ ಅದರ ಕಣ್ಣು ಎಲ್ಲಿ ಅರಳುತ್ತದೆ? ಇದನ್ನು ಗಮನಿಸಿದ ತಾಯಿಗೆ ಯಾವ ಸಲಹಾ ಕೇಂದ್ರವೂ ಬೇಕಾಗಿಲ್ಲ. ಸಿ.ಎನ್.ಆರ್. ರಾವ್ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ 1951ರಲ್ಲಿ ಬಿ.ಎಸ್ಸಿ. ಪದವಿ ಪಡೆದಾಗ ಅವರಿಗೆ ಹದಿನೇಳರ ಪ್ರಾಯ. ಅವರು ಶುದ್ಧ ವಿಜ್ಞಾನದ ದಾರಿಯನ್ನೇ ಹಿಡಿದು, 1953ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಮುಗಿಸಿದರು, ಮುಂದೆ 2014ರಲ್ಲಿ ಭಾರತ ರತ್ನವನ್ನು ಪಡೆದರು. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಬಿ.ಎ. ಓದಿದ ಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತರು. ಒಬ್ಬರದು ಎಳೆಯ ಪ್ರಾಯದ ಒಲವು. ಇನ್ನೊಬ್ಬರದು ಒಂದು ಪದವಿಯಾದ ಮೇಲೆ ಹಿಡಿದ ದಾರಿ. ಇಂದಿಗೂ ಎಸ್.ಎಸ್.ಎಲ್.ಸಿ. ಆದವನು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿದೆ. ಒಂದು ಬಾಗಿಲು ಮುಚ್ಚಿತೆಂದು ಮನೆಯೇ ಮುಚ್ಚಿತೆಂದು ತಿಳಿಯಬಾರದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: "ಆಯ್ಕೆ, ಒಲವು ಎಂಬುವೆಲ್ಲ ಉಳ್ಳವರ ಮಾತು, ಬಡವನ ಮಗನಿಗೆ ಸಂಬಳ ಬರುವ ವಿದ್ಯೆಯೇ ವಿದ್ಯೆ." ಸಾಲ ಮಾಡಿ ಓದಿಸುವ ಕುಟುಂಬದ ಮುಂದೆ ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಕ್ರೌರ್ಯವಾದೀತು. ಕುಟುಂಬವನ್ನು ಎತ್ತಬೇಕೆಂಬ ಬಯಕೆಯೂ ಒಂದು ಒಲವೇ. ತಮ್ಮತಂಗಿಯರಿಗಾಗಿ ಬೇಗನೆ ದುಡಿಯಬೇಕೆಂದು ಮಗನು ತಾನಾಗಿ ನಿಶ್ಚಯಿಸಿದರೆ ಅದು ಅವನ ಮೊದಲ ಸಾಲಿಗೆ ಯೋಗ್ಯವಾದುದು. ಆದರೆ ಆ ನಿಶ್ಚಯ ಅವನದಾಗಿರಬೇಕು. ಅವನ ಮೇಲೆ ಹೊರಿಸಿದ್ದಾಗಿರಬಾರದು. ಬಡತನವು ಪಟ್ಟಿಯನ್ನು ಗಿಡ್ಡ ಮಾಡಬಹುದು. ಉಳಿದ ಸಾಲುಗಳಲ್ಲಿ ಸತ್ಯವಿರಲು ಅದು ಅಡ್ಡಿಯಲ್ಲ. ಆ ಪಟ್ಟಿಯನ್ನು ಉದ್ದ ಮಾಡುವ ಹೊಣೆ ಸಮಾಜದ್ದು. ಉಚಿತ ಪ್ರಸಾದನಿಲಯಗಳನ್ನು ನಡೆಸಿದ ಹಿರಿಯರು ಅನ್ನ-ವಸತಿಗಳನ್ನು ಕೊಟ್ಟು ನಿಜವಾಗಿ ದಾನ ಮಾಡಿದ್ದು ಆಯ್ಕೆಯ ಸ್ವಾತಂತ್ರ್ಯವನ್ನು.

ವೃತ್ತಿಗಳಲ್ಲಿ ಮೇಲು-ಕೀಳು ಎಣಿಸುವ ಅಭ್ಯಾಸವೂ ಪಟ್ಟಿಯನ್ನು ಕೆಡಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದು ಕಾಯಕವೇ ಹೆಸರಿನ ಮುಂದೆ ನಿಂತು ಗೌರವವನ್ನು ಪಡೆಯಿತು. ಇಂದು ಹೆಸರಿನ ಮುಂದೆ ನಿಲ್ಲಲು ಒಂದೆರಡು ಬಿರುದುಗಳಿಗೆ ಮಾತ್ರ ಅರ್ಹತೆಯುಂಟೆಂದು ನಾವು ಭಾವಿಸಿದ್ದೇವೆ. ರೈತನ ಮಗಳು ಕೃಷಿ ವಿಜ್ಞಾನವನ್ನು ಮೊದಲ ಸಾಲಿನಲ್ಲಿ ಬರೆದರೆ, "ಇಷ್ಟು ಓದಿ ಮತ್ತೆ ಮಣ್ಣಿಗೇ?" ಎಂದು ಕೇಳುವವರು ತಾವು ಉಣ್ಣುವ ಅನ್ನವನ್ನು ಒಮ್ಮೆ ನೋಡಿಕೊಳ್ಳಲಿ.

ಪಟ್ಟಿಯ ಸತ್ಯಕ್ಕೆ ಇನ್ನೊಂದು ಮುಖವುಂಟು. ಅದು ಅಪರಿಚಿತರಿಗೆ ಸಂಬಂಧಿಸಿದ್ದು. ಗ್ರಾಮೀಣ ವಿದ್ಯಾರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಸರ್ಕಾರವು ಮೀಸಲಾತಿಯನ್ನು ಕೊಟ್ಟಿದೆ. ಅದಕ್ಕಾಗಿ ಸುಳ್ಳು ಪ್ರಮಾಣಪತ್ರವನ್ನು ತರುವವನು ಸರ್ಕಾರಕ್ಕೆ ಮೋಸ ಮಾಡಿದೆನೆಂದು ಮಾತ್ರ ತಿಳಿದಿರುತ್ತಾನೆ. ಅವನು ಕಿತ್ತುಕೊಂಡದ್ದು ದೂರದ ಹಳ್ಳಿಯಿಂದ ನಡೆದು ಬಂದು ಓದಿದ ಒಬ್ಬ ಬಾಲಕನ ಸ್ಥಾನವನ್ನು. ಸೀಟು ಹಂಚಿಕೆಯಾದ ಮೇಲೆ ವಿದ್ಯಾರ್ಥಿಯ ಮುಂದೆ ನಾಲ್ಕು ದಾರಿಗಳನ್ನು ಇಡುತ್ತಾರೆ: ಒಪ್ಪಿ ಸೇರುವುದು, ಒಪ್ಪಿದ್ದರೂ ಮೇಲಿನದಕ್ಕಾಗಿ ಮುಂದಿನ ಸುತ್ತನ್ನು ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಸಂಪೂರ್ಣವಾಗಿ ಹೊರಬರುವುದು. ನಾಲ್ಕೂ ನ್ಯಾಯವಾದುವೇ. ಸೇರುವ ಮನಸ್ಸೇ ಇಲ್ಲದೆ ಸೀಟನ್ನು ಹಿಡಿದಿಟ್ಟುಕೊಂಡು ಕಡೆಯ ಗಳಿಗೆಯಲ್ಲಿ ಬಿಡುವುದು ಮಾತ್ರ ಅನ್ಯಾಯ. ತಾನು ಉಣ್ಣದ ಎಲೆಯ ಮುಂದೆ ಕುಳಿತು ಹಸಿದವನನ್ನು ಎಬ್ಬಿಸಿ ಕಳುಹಿಸಿದಂತೆ ಅದು. ಆ ಹಸಿದವನ ಮುಖವನ್ನು ನಾವು ಕಾಣುವುದಿಲ್ಲ. ಕಾಣದಿರುವುದರಿಂದ ಪಾಪವು ಕಡಿಮೆಯಾಗುವುದಿಲ್ಲ.

ಕಠೋಪನಿಷತ್ತು ಶ್ರೇಯಸ್ಸು ಮತ್ತು ಪ್ರೇಯಸ್ಸು ಎಂಬ ಎರಡು ದಾರಿಗಳನ್ನು ಹೇಳುತ್ತದೆ. ಅಲ್ಲಿ ಆಯ್ಕೆ ಮಾಡಿದವನು ನಚಿಕೇತನೆಂಬ ಬಾಲಕ. ಯಮನು ಒಡ್ಡಿದ ಸಂಪತ್ತನ್ನೆಲ್ಲ ಬಿಟ್ಟು ಅವನು ತಾನು ಕೇಳಬಂದ ವಿದ್ಯೆಯನ್ನೇ ಕೇಳಿದನು. ಎಳೆಯರು ಆಯಲಾರರೆಂಬ ನಮ್ಮ ಅವಿಶ್ವಾಸಕ್ಕೆ ಆ ಪ್ರಾಚೀನ ಕಥೆಯಲ್ಲಿ ಉತ್ತರವಿದೆ.

ಪ್ರಿಯ ವಿದ್ಯಾರ್ಥಿಗಳೇ, ಪಟ್ಟಿಯನ್ನು ಬರೆಯುವ ಮುನ್ನ ಒಂದು ರಾತ್ರಿ ಮೌನವಾಗಿ ಕುಳಿತು ಯೋಚಿಸಿರಿ. ನೀವು ಬರೆದ ಪ್ರತಿಯೊಂದು ಸಾಲಿನ ಎದುರಿಗೆ "ಇದು ನನಗೆ ಏತಕ್ಕೆ ಬೇಕು?" ಎಂದು ಕೇಳಿಕೊಳ್ಳಿರಿ. ಉತ್ತರದಲ್ಲಿ ಇನ್ನೊಬ್ಬರ ಹೆಸರು ಮಾತ್ರವೇ ಬಂದರೆ ಆ ಸಾಲನ್ನು ಪುನಃ ಪರಿಶೀಲಿಸಿರಿ. ತಂದೆತಾಯಿಗಳೇ, ಫಲಿತಾಂಶದ ದಿನ ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು ಮಗುವಿನ ಬಾಳಿಗೆ ರ‍್ಯಾಂಕಿಗಿಂತ ದೊಡ್ಡದು. ಅದನ್ನು ಮುಂಚಿತವಾಗಿಯೇ ಯೋಚಿಸಿಟ್ಟುಕೊಳ್ಳಿರಿ. ರ‍್ಯಾಂಕು ಸರದಿಯನ್ನು ತಿಳಿಸುತ್ತದೆ, ಯೋಗ್ಯತೆಯನ್ನಲ್ಲ. ಬಯಸಿದ್ದು ದೊರೆಯುವುದು ಬಿಡುವುದು ಖಾಲಿ ಉಳಿದ ಸ್ಥಾನಗಳಿಗೆ ಸೇರಿದ್ದು. ಬಯಸಿದ್ದನ್ನು ಪ್ರಾಮಾಣಿಕವಾಗಿ ಬರೆಯುವುದು ನಮಗೆ ಸೇರಿದ್ದು. ಸತ್ಯವಾಗಿ ಬರೆದ ಪಟ್ಟಿಯಲ್ಲಿ ಏಳನೆಯ ಸಾಲು ದೊರೆತರೂ ಅದು ನಮ್ಮ ಸಾಲೇ ಆಗಿರುತ್ತದೆ. ಅಲ್ಲಿಂದ ಓದನ್ನು ಪ್ರಾರಂಭಿಸುವವನಿಗೆ ನಾಚಿಕೆಯ ಕಾರಣವಿಲ್ಲ.