ಒಳಗಿನ ಸುಳ್ಳು

ಸುಳ್ಳಿನಲ್ಲಿ ಎರಡು ಬಗೆ: ಲೋಕಕ್ಕೆ ಹೇಳುವುದೊಂದು, ತನಗೆ ತಾನೇ ಹೇಳಿಕೊಳ್ಳುವುದೊಂದು. ಮೊದಲನೆಯದು ಎಂದಾದರೂ ಸಿಕ್ಕಿಬೀಳುತ್ತದೆ. ಎರಡನೆಯದನ್ನು ಹಿಡಿಯುವವರು ಯಾರು?

ನನ್ನ ಅಣ್ಣ ಹನ್ನೊಂದು ವರ್ಷ ಕುಡಿದ. ಅಷ್ಟೂ ವರ್ಷ ಅವನ ರಜೆಯ ಅರ್ಜಿಗಳನ್ನು ಬರೆದವನು ನಾನು. ಜ್ವರವೆಂದೆ, ಸೊಂಟನೋವೆಂದೆ, ಒಮ್ಮೆ ಊರಿನಲ್ಲಿ ಗಟ್ಟಿಮುಟ್ಟಾಗಿದ್ದ ಸೋದರತ್ತೆಯನ್ನು ಸಾಯಿಸಿಯೂಬಿಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಾಡು ನಮ್ಮದು. ಒಂದು ಮನೆಯ ಮಾನ ಉಳಿಸಲು ನೂರು ಸುಳ್ಳು ಹೆಚ್ಚೇ ಎಂದುಕೊಂಡೆ. ಆದರೆ ಅದರಿಂದ ಅಣ್ಣನಿಗೆ ಒಳಿತಾಯಿತೇ ಎಂದು ಕೇಳಿಕೊಳ್ಳಲಿಲ್ಲ. ನನ್ನ ಒಂದೊಂದು ಅರ್ಜಿಯೂ ಅವನಿಗೆ ಇನ್ನೊಂದು ಸಂಜೆಯ ಕುಡಿತವನ್ನು ಸುಲಭಗೊಳಿಸಿತ್ತು.

ಕೊನೆಗೆ ವೈದ್ಯರ ನೆರವಿನಿಂದ, ತನ್ನಂತೆಯೇ ನೊಂದವರ ಕೂಟದ ಆಸರೆಯಿಂದ ಅವನು ಕುಡಿತ ಬಿಟ್ಟ. ಆರು ತಿಂಗಳು ಕಳೆದಿರಬಹುದು; ಒಂದು ರಾತ್ರಿ ತಡವಾಗಿ ಬಂದ. ಬಾಗಿಲು ತೆರೆದ ನಾನು ಹಳೆಯ ಅಭ್ಯಾಸದಂತೆ ಹತ್ತಿರ ನಿಂತು ಅವನ ಉಸಿರನ್ನು ಮೂಸಿದೆ. ಏನೂ ಇರಲಿಲ್ಲ. "ಬಸ್ಸು ಕೆಟ್ಟಿತ್ತು ಕಣೋ" ಎಂದು ಒಳಗೆ ಹೋದ. ನನಗೆ ಸಂತೋಷವಾಗಬೇಕಿತ್ತು. ಆದದ್ದು, ಹೇಳಲು ನಾಚಿಕೆ, ಸಣ್ಣದೊಂದು ನಿರಾಶೆ.

ಅವನು ಬಿದ್ದಿದ್ದಷ್ಟು ಕಾಲ ನಾನು ಎತ್ತುವವನಾಗಿದ್ದೆ. "ಇಂಥ ತಮ್ಮ ಯಾರಿಗುಂಟು!" ಎಂದು ನೆಂಟರು ಹೊಗಳುತ್ತಿದ್ದರು. ಅವನು ಎದ್ದು ನಿಂತ. ನನ್ನ ದೊಡ್ಡತನ ಕೆಲಸವಿಲ್ಲದೆ ಕುಳಿತಿತು. ಮಮತೆಯೆಂದು ನಾನು ಕರೆದದ್ದರಲ್ಲಿ ಇಷ್ಟು ಅಹಂಕಾರ ಬೆರೆತಿತ್ತು.

ಅಮೆರಿಕದ ಲೋಯಿಸ್ ವಿಲ್ಸನ್ ಎಂಬಾಕೆಯ ಸಂಗತಿ ತಿಳಿದಾಗ ಇದನ್ನು ಒಪ್ಪಿಕೊಳ್ಳುವ ಧೈರ್ಯ ಬಂದಿತು. ಆಕೆಯ ಗಂಡ ಬಿಲ್, 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವನ್ನು ಆರಂಭಿಸಿದ ಇಬ್ಬರಲ್ಲೊಬ್ಬ. ಅವನು ಕುಡಿತ ಬಿಟ್ಟ ಮೇಲೆ ಒಂದು ದಿನ, ಸಭೆಗೆ ಹೊರಡೋಣವೆಂದಾಗ, ಆಕೆ ಸಿಟ್ಟಿನಿಂದ ಪಾದರಕ್ಷೆ ಎಸೆದರು. ತನ್ನ ಇಷ್ಟು ವರ್ಷದ ಪ್ರೀತಿಯಿಂದಾಗದ್ದು ಬೇರೆಯವರಿಂದಾಯಿತಲ್ಲ ಎಂಬ ಅಸಮಾಧಾನ ತನ್ನೊಳಗಿದ್ದುದನ್ನು ಆಕೆ ಕಂಡುಕೊಂಡರು. 1951ರಲ್ಲಿ, ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಆಕೆಯೂ ಒಬ್ಬರು.

ತನ್ನೊಡನೆ ಪ್ರಾಮಾಣಿಕನಾಗುವುದೆಂದರೆ ತನ್ನನ್ನು ಹಳಿದುಕೊಳ್ಳುವುದಲ್ಲ. ಅಣ್ಣನ ಕುಡಿತಕ್ಕೆ ನಾನೇ ಕಾರಣ ಎಂದು ಎದೆ ಬಡಿದುಕೊಂಡರೆ ಅದೂ ದೊಡ್ಡತನದ ಇನ್ನೊಂದು ವೇಷ. ಅವನ ಪಾಲು ಅವನದು, ನನ್ನ ಪಾಲು ನನ್ನದು. ನನ್ನದನ್ನು ಹೆಚ್ಚಿಸದೆ, ತಗ್ಗಿಸದೆ ನೋಡಬೇಕು. ದಿನವೂ ನೋಡಬೇಕು.

ಮೊನ್ನೆ ಆ ರಾತ್ರಿಯ ವಿಷಯವನ್ನು ಅಣ್ಣನಿಗೆ ಹೇಳಿಯೇಬಿಟ್ಟೆ. ಅವನು ನಕ್ಕ: "ಗೊತ್ತಿತ್ತು ಕಣೋ. ನೀನು ಮೂಸಲಿ ಅಂತಲೇ ಬಾಗಿಲಲ್ಲಿ ಒಂದು ನಿಮಿಷ ನಿಂತೆ."