ಕರ್ಮವಿಚಾರವೂ ದಾಸೋಹಧರ್ಮವೂ



ಮಗುವು ಎರಡು ವರ್ಷ ಕಳೆದರೂ ಮಾತನಾಡದಿರುವುದು, ಹೆಸರು ಹಿಡಿದು ಕರೆದರೂ ತಿರುಗಿ ನೋಡದಿರುವುದು, ಓರಗೆಯ ಮಕ್ಕಳೊಡನೆ ಬೆರೆಯದೆ ತನ್ನಷ್ಟಕ್ಕೆ ತಾನಿರುವುದು ಕೆಲವು ಮನೆಗಳಲ್ಲಿ ಕಂಡುಬರುವ ಸಂಗತಿ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದಿರಬಹುದೆಂದೂ, ಆಟಿಸಂ ಎಂದು ಹೆಸರಾದ ಸ್ವಲೀನತೆ, ಬೌದ್ಧಿಕ ನ್ಯೂನತೆ ಮೊದಲಾದವು ಇದರ ಬಗೆಗಳೆಂದೂ ವೈದ್ಯಶಾಸ್ತ್ರವು ಹೇಳುತ್ತದೆ. ಆದರೆ ನೆರೆಹೊರೆಯವರ ಬಾಯಿಂದ ಮೊದಲು ಹೊರಡುವ ಮಾತು 'ಯಾವ ಜನ್ಮದ ಕರ್ಮವೋ' ಎಂಬುದು. ಅದನ್ನು ಕೇಳಬೇಕಾದವಳು ಹೆಚ್ಚಾಗಿ ತಾಯಿ. ಈ ಮಾತು ಧರ್ಮಸಮ್ಮತವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ತಾಯಿಯ ಮೇಲೆ ದೋಷ ಹೊರಿಸುವ ಪ್ರವೃತ್ತಿ ನಮ್ಮ ನಾಡಿಗಷ್ಟೇ ಸೇರಿದುದಲ್ಲ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಸ್ವಲೀನತೆಯನ್ನು ವಿವರಿಸಿದರು. ಬ್ರೂನೋ ಬೆಟಲ್‌ಹೈಮ್ ಎಂಬವರು 1967ರಲ್ಲಿ ತಮ್ಮ ಗ್ರಂಥದಲ್ಲಿ ತಾಯಿಯ ವಾತ್ಸಲ್ಯದ ಕೊರತೆಯೇ ಅದಕ್ಕೆ ಕಾರಣವೆಂಬಂತೆ ವಾದಿಸಿದರು. ಹತ್ತು ವರ್ಷಗಳ ಬಳಿಕ, 1977ರಲ್ಲಿ, ಅವಳಿ ಮಕ್ಕಳನ್ನು ಕುರಿತ ಅಧ್ಯಯನವು ಆನುವಂಶಿಕ ಕಾರಣಗಳತ್ತ ಬೆರಳು ತೋರಿತು. ಆ ವಾದ ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಎಷ್ಟೋ ತಾಯಂದಿರು ತಾವು ಮಾಡದ ತಪ್ಪಿಗೆ ಕಣ್ಣೀರಿಟ್ಟಿದ್ದರು.

ಹಾಗಾದರೆ ಶಾಸ್ತ್ರಗಳಲ್ಲಿ ಕರ್ಮವಿಚಾರವಿಲ್ಲವೇ ಎಂದು ನೀವು ಕೇಳಬಹುದು. ಉಂಟು. ಅದು ಸಾಧಕನು ತನ್ನ ನಡೆಯನ್ನು ತಾನು ತಿದ್ದಿಕೊಳ್ಳುವುದಕ್ಕಾಗಿ ಇರುವುದೇ ಹೊರತು, ಪರರ ಮನೆಯ ತೊಟ್ಟಿಲ ಬಳಿ ನಿಂತು ತೀರ್ಪು ನೀಡುವುದಕ್ಕಲ್ಲ. ಅನ್ಯರ ಪೂರ್ವಜನ್ಮವನ್ನು ಕಂಡವರು ನಮ್ಮಲ್ಲಿ ಯಾರಿದ್ದಾರೆ? ಕಾಣದುದನ್ನು ಕಂಡಂತೆ ನುಡಿಯುವುದು ಅಸತ್ಯ. ನೊಂದವರನ್ನು ಆ ಅಸತ್ಯದಿಂದ ಮತ್ತೆ ನೋಯಿಸುವುದು ಹಿಂಸೆ.

ನಮ್ಮ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳು ತುಂಬುವಾಗ ಗರ್ಭಸ್ಥ ಶಿಶುವಿಗೂ ಲಿಂಗಧಾರಣೆ ನಡೆಯುತ್ತದೆ. ಇದರ ಅರ್ಥವನ್ನು ಚಿಂತಿಸಿರಿ. ಆ ಶಿಶು ಮುಂದೆ ಮಾತನಾಡುವುದೋ ಇಲ್ಲವೋ, ಜಾಣನಾಗುವುದೋ ಮಂದನಾಗುವುದೋ ಎಂದು ಯಾರೂ ಕೇಳುವುದಿಲ್ಲ. ಯೋಗ್ಯತೆಯನ್ನು ಅಳೆಯುವ ಮೊದಲೇ ಲಿಂಗವು ಅದಕ್ಕೆ ಸಲ್ಲುತ್ತದೆ. ಹೀಗಿರಲು, ಹುಟ್ಟಿದ ಮೇಲೆ ಆ ಮಗುವನ್ನು ಕೀಳೆಂದು ಎಣಿಸಲು ನಮಗೆ ಅಧಿಕಾರವೆಲ್ಲಿಯದು?

ಇನ್ನು ಕನಿಕರದ ಮಾತು. ಕನಿಕರ ತೋರುವವನು ಮೇಲೆ ನಿಲ್ಲುತ್ತಾನೆ. ದಾಸೋಹಿಯು ಸೇವಕನಾಗಿ ಕೆಳಗೆ ನಿಲ್ಲುತ್ತಾನೆ. ಪುರಾಣ ಪ್ರವಚನದ ನಡುವೆ ಮಗು ಕಿರುಚಿದಾಗ ಸಭೆಯೆಲ್ಲ ತಿರುಗಿ ನೋಡುತ್ತದೆ. ತಾಯಿಯು ಅದನ್ನೆತ್ತಿಕೊಂಡು ಪಾದರಕ್ಷೆಗಳ ಬಳಿ ಹೋಗಿ ನಿಲ್ಲುತ್ತಾಳೆ. ಅವಳನ್ನು ಒಳಗೆ ಕರೆದು ಕೂರಿಸುವುದು, ಆ ಹೊತ್ತು ಮಗುವನ್ನು ನಾವು ನೋಡಿಕೊಳ್ಳುವುದು ಅನ್ನದಾಸೋಹಕ್ಕೆ ಕಡಿಮೆಯಾದುದಲ್ಲ. ವರ್ಷಾನುವರ್ಷ ನಿದ್ದೆಗೆಟ್ಟವರಿಗೆ ಎರಡು ಗಂಟೆಗಳ ಬಿಡುವೇ ಪ್ರಸಾದ.

ಸಾಂತ್ವನವೂ ಕೆಲವೊಮ್ಮೆ ಹಾನಿ ಮಾಡುತ್ತದೆ. 'ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ತಾಯಿತ, ಹರಕೆಗಳಲ್ಲಿ ದಿನ ಕಳೆಯುತ್ತದೆ. ಆದರೆ ಮಿದುಳು ಬಹುಬೇಗ ಕಲಿಯುವ ಕಾಲ ಮೊದಲ ಕೆಲವು ವರ್ಷಗಳೇ. ಹರಕೆ ಹೊರುವವರು ಹೊರಲಿ. ವೈದ್ಯರಲ್ಲಿಗೆ ಹೋಗುವುದು ತಡವಾಗಬಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಡಿನಲ್ಲಿಯೇ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನೂ ಬೌದ್ಧಿಕ ನ್ಯೂನತೆಯನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿಕೊಂಡಿದೆ.

'ನಮ್ಮ ಅನಂತರ ಇವನಿಗೆ ಯಾರು?' ಎಂಬುದು ಈ ತಂದೆತಾಯಿಗಳ ಎಲ್ಲ ಚಿಂತೆಗಳ ತಾಯಿಬೇರು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಹದಿನೆಂಟು ತುಂಬಿದ ಇಂಥವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಅವಕಾಶವಿತ್ತಿದೆ. ಆದರೆ ಕಾನೂನು ಪೋಷಕರ ಹೆಸರನ್ನು ಬರೆದುಕೊಡಬಲ್ಲುದು, ಬಾಂಧವ್ಯವನ್ನು ಕೊಡಲಾರದು. ಅದನ್ನು ಕೊಡಬೇಕಾದವರು ಓಣಿಯವರು, ಬಳಗದವರು, ಮಠದ ಭಕ್ತರು. ನಿಮ್ಮ ಊರಿನಲ್ಲಿ ಅಂಥ ಒಂದು ಮನೆಯಿದ್ದರೆ ಕಾರಣ ಕೇಳಲು ಹೋಗಬೇಡಿರಿ. ಕೆಲಸವೇನಿದೆ ಎಂದು ಕೇಳಲು ಹೋಗಿರಿ. ಮಗುವನ್ನು ಅದರ ಹೆಸರಿನಿಂದಲೇ ಕರೆಯಿರಿ. ಅದು ತಿರುಗಿ ನೋಡದಿದ್ದರೂ ಮರುದಿನ ಮತ್ತೆ ಕರೆಯಿರಿ.