ಬೆಲ್ಲದ ಒಂದು ಚೂರು

ಸಾಂಬಾರು ಯಾರದು ಎಂಬ ಜಗಳದಲ್ಲಿ ಎರಡೂ ಕಡೆ ಸಾಕ್ಷಿಗಳಿದ್ದಾರೆ. ತಂಜಾವೂರಿನ ಮರಾಠ ದೊರೆ ಶಾಹಜಿಯ ಅಡುಗೆಮನೆಯಲ್ಲಿ, ಅತಿಥಿ ಸಂಭಾಜಿಯ ಹೆಸರಿನಲ್ಲಿ ಅದು ಹುಟ್ಟಿತು ಎನ್ನುವ ಕತೆ ಎಲ್ಲರಿಗೂ ಗೊತ್ತು. ಅದು ಕತೆ, ದಾಖಲೆಯಲ್ಲ. ಇತ್ತ ನಮ್ಮ ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ದಲ್ಲಿ, ಅಂದರೆ 1648ರಷ್ಟು ಹಿಂದೆಯೇ, ಹುಳಿಯ ಮಾತು ಬರುತ್ತದೆ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ಗುರುತಿಸಿದ್ದಾರೆ. ನಾವೂ ಮೀಸೆ ತಿರುವಬಹುದು. ಆದರೆ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಈ ನಾಡಿಗೆ ಬಂದದ್ದೇ 16ನೇ ಶತಮಾನದಲ್ಲಿ ಎಂದು ನೆನಪಾದರೆ ಇಬ್ಬರ ಮೀಸೆಯೂ ತುಸು ಇಳಿಯುತ್ತದೆ.

ತರೀಕೆರೆ ಸೀಮೆಯವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ, ಪಕ್ಕದ ಮನೆಯದು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸತೊಡಗಿತು. ಅದಿರು ನಮ್ಮ ಕೆಮ್ಮಣ್ಣುಗುಂಡಿಯದು. 1947ರಲ್ಲಿ ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟಿನ ಕೆಲಸ ಶುರುವಾಯಿತು. ಕಲ್ಲು ಒಡೆಯಲು, ಮಣ್ಣು ಹೊರಲು ತಮಿಳು ಕುಟುಂಬಗಳು ಬಂದವು. ಕೆಲಸ ಮುಗಿಯಿತು, ಅವರಲ್ಲಿ ಅನೇಕರು ಇಲ್ಲೇ ಉಳಿದರು.

ನಮ್ಮ ಪಕ್ಕದ ಮನೆಯ ಅಜ್ಜಿಯೂ ಹಾಗೆ ಉಳಿದವರು. ಧರ್ಮಪುರಿ ಕಡೆಯವರು. ಅವರ ಸಾಂಬಾರಿನಲ್ಲಿ ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಇದ್ದವು. ತಮ್ಮೂರಿನಲ್ಲಿ ಹಬ್ಬಕ್ಕಷ್ಟೇ ರುಬ್ಬುತ್ತಿದ್ದ ತೆಂಗಿನಕಾಯಿ, ಕಡೂರಿನ ತೋಟಗಳ ದೆಸೆಯಿಂದ ವಾರದ ದಿನಕ್ಕೂ ಬಂತು. ತರೀಕೆರೆ ಸಂತೆಯಲ್ಲಿ ಸಾಂಬಾರ್ ಈರುಳ್ಳಿ ಸಿಗದಿದ್ದರೆ ಅಜ್ಜಂಪುರದ ದಪ್ಪ ಈರುಳ್ಳಿಯೇ ನಾಲ್ಕು ಹೋಳಾಗಿ ಬೀಳುತ್ತಿತ್ತು. ಪುಡಿಗೆ ಬಣ್ಣಕ್ಕೆಂದು ಬ್ಯಾಡಗಿ, ಖಾರಕ್ಕೆಂದು ಗುಂಟೂರು.

ಮಾಡುವ ಕ್ರಮ ಮಾತ್ರ ಅವರದೇ. ತೊಗರಿಬೇಳೆಯನ್ನು ಅರಿಸಿನ, ಒಂದು ತೊಟ್ಟು ಎಣ್ಣೆ ಹಾಕಿ ಬೇರೆಯೇ ಬೇಯಿಸಿ, ಕಡಗೋಲಿನಿಂದ ಮಸೆದು ಇಡುವರು. ನುಗ್ಗೆಕಾಯಿ, ಬದನೆಕಾಯಿ ಹುಣಸೆ ರಸದಲ್ಲಿ ಬೇಯಬೇಕು. ಹಸಿ ವಾಸನೆ ಹೋಗುವ ತನಕ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಆಮೇಲೆ ಪುಡಿ, ಕೊನೆಗೆ ಬೇಳೆ. ಹುಣಸೆ ರಸ ಮೊದಲೇ ಬಿದ್ದರೆ ಬೇಳೆಯ ಜೀವಕೋಶಗಳ ಗೋಡೆಯ ಅಂಟು ಕರಗದೆ ಅದು ಗಟ್ಟಿಯಾಗಿಯೇ ಉಳಿಯುತ್ತದೆ. ವಿಜ್ಞಾನ ಓದದ ಆ ಕೈಗೆ ಇದು ಚೆನ್ನಾಗಿ ಗೊತ್ತಿತ್ತು. ಒಗ್ಗರಣೆಗೆ ಸಾಸಿವೆಯ ಜೊತೆ ನಾಲ್ಕು ಕಾಳು ಮೆಂತ್ಯ, ಇಂಗು, ಕರಿಬೇವು.

ನಮ್ಮ ಮನೆಯ ಹುಳಿಗೆ ಬೀಳುವ ಬೆಲ್ಲದ ಚೂರನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. “ನಿಮ್ಮದು ನಿಮಗೆ ಚೆಂದ ಕಣಮ್ಮ. ನಾನು ಬೆಲ್ಲ ಹಾಕಿದರೆ ನಮ್ಮಮ್ಮ ಎದ್ದು ಬಂದು ಬೈತಾಳೆ” ಎನ್ನುವರು. ಹಾಗೆಂದು ನಮ್ಮ ಮನೆಯಲ್ಲಿ ಬೆಲ್ಲ ಹಾಕಿದ ಹುಳಿಯನ್ನು ಬೇಡವೆಂದವರಲ್ಲ. ಇನ್ನೊಂದು ಸೌಟು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಸಂಸ್ಕೃತಿ ಎಂದರೆ ತಲೆಮಾರುಗಳಿಂದ ಬಂದದ್ದೆಲ್ಲವನ್ನೂ ಹಾಗೆಯೇ ಕಾಪಾಡುವುದು ಎಂದುಕೊಂಡಿದ್ದೇವೆ. ಆ ಅಜ್ಜಿ ಕಾಯಿ ಬದಲಿಸಿದರು, ಈರುಳ್ಳಿ ಬದಲಿಸಿದರು, ಮನೆಯಾಚೆಗಿನ ಮಾತನ್ನೂ ಬದಲಿಸಿದರು. ಉಳಿಸಿಕೊಂಡದ್ದು ಒಂದು ಕ್ರಮ ಮತ್ತು ಒಂದು ‘ಬೇಡ’. ಅಷ್ಟರಲ್ಲೇ ಅವರ ಊರು, ಅವರ ಅಮ್ಮ ಎಲ್ಲ ಇದ್ದರು.

ಆದರೆ ‘ಬೇಡ’ ಎನ್ನುವುದನ್ನು ಸುಮ್ಮನೆ ಹೊಗಳಲಾಗದು. ನನ್ನ ಅಜ್ಜಿಗೂ ಒಂದು ‘ಬೇಡ’ ಇತ್ತು. ಪಕ್ಕದ ಮನೆಯ ಹಿತ್ತಲಿನ ನುಗ್ಗೆಕಾಯಿಯನ್ನು ಸಂತೋಷದಿಂದ ಇಸಿದುಕೊಳ್ಳುತ್ತಿದ್ದ ಅವರು, ಅದೇ ನುಗ್ಗೆಕಾಯಿ ಸಾಂಬಾರಾಗಿ ಬಂದರೆ ಮುಟ್ಟುತ್ತಿರಲಿಲ್ಲ. “ಅವರ ಕೈದು ನಮಗೆ ಆಗಿಬರಲ್ಲ” ಎಂದು ಮೆಲ್ಲಗೆ ಹೇಳಿ ಪಾತ್ರೆಯನ್ನು ಮೊಮ್ಮಕ್ಕಳ ಕಡೆ ಸರಿಸುವರು. ನಾವು ತಿನ್ನುತ್ತಿದ್ದೆವು. ತೊಳೆದ ಪಾತ್ರೆಯನ್ನು ಬರಿದೇ ಕೊಡಬಾರದೆಂದು ನಾಲ್ಕು ಅಡಿಕೆ ಹಾಕಿ ಹಿಂದಿರುಗಿಸುವ ಮರ್ಯಾದೆಗೆ ಮಾತ್ರ ಕೊರತೆಯಿರಲಿಲ್ಲ.

ಇಬ್ಬರು ಅಜ್ಜಿಯರೂ ತಮ್ಮದನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದರು. ಒಬ್ಬರದು ‘ನನ್ನ ಪಾತ್ರೆಗೆ ಬೇಡ’, ಇನ್ನೊಬ್ಬರದು ‘ನಿನ್ನ ಕೈಯಿಂದ ಬೇಡ’. ಮೊದಲನೆಯದು ರುಚಿ, ಎರಡನೆಯದು ಬೇಲಿ. ಹೊರಗಿನಿಂದ ನೋಡಿದರೆ ಎರಡನ್ನೂ ಸಂಪ್ರದಾಯ ಎಂದೇ ಕರೆಯುತ್ತೇವೆ, ಎರಡಕ್ಕೂ ಒಂದೇ ಗೌರವ ಕೇಳುತ್ತೇವೆ.

ಈ ವ್ಯತ್ಯಾಸ ಅಡುಗೆಮನೆಗಷ್ಟೇ ಸೇರಿದ್ದಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಬೆನ್ನಿಗೆ ಬೆಂಗಳೂರು, ಮೈಸೂರು ಕಡೆ ತಮಿಳರ ಮೇಲೆ ದಾಳಿಗಳಾದವು. ನೀರಿನ ಲೆಕ್ಕ ಕೇಳುವುದು ನ್ಯಾಯವೇ. ಲೆಕ್ಕ ತೀರಿಸಲು ಕೂಲಿಯವನ ಮನೆ ಹುಡುಕಿಕೊಂಡು ಹೋಗುವುದು ನ್ಯಾಯವಲ್ಲ. ಲಕ್ಕವಳ್ಳಿಯಲ್ಲಿ ಆ ಕೂಲಿಯವರು ಕಲ್ಲು ಹೊತ್ತು ನಿಲ್ಲಿಸಿದ ನೀರು ಇಂದಿಗೂ ಭದ್ರಾವತಿಯಿಂದ ದಾವಣಗೆರೆಯ ತನಕ ಗದ್ದೆ, ತೋಟಗಳಿಗೆ ಹರಿಯುತ್ತಿದೆ.

ನನ್ನ ಹುಳಿಗೆ ಈಗಲೂ ಬೆಲ್ಲ ಹಾಕುತ್ತೇನೆ, ಬಿಡುವ ಯೋಚನೆಯಿಲ್ಲ. ನೀವೂ ನಿಮ್ಮ ಬೆಲ್ಲವನ್ನೋ, ಬೆಲ್ಲ ಬೇಡವೆಂಬ ಹಟವನ್ನೋ ಬಿಡಬೇಕಾಗಿಲ್ಲ. ಪಕ್ಕದ ಮನೆಯಿಂದ ಪಾತ್ರೆ ಬಂದಾಗ ಅದನ್ನು ಮೊಮ್ಮಕ್ಕಳ ಕಡೆ ಸರಿಸದೆ, ನೀವೇ ಬಡಿಸಿಕೊಂಡು ಉಣ್ಣಿ.